ಅಮ್ಮನ ಮೊದಲ ವಿಮಾನ ಪ್ರಯಾಣ ಮತ್ತು ಅಕ್ಕಪಕ್ಕದ ಸೀಟಿನವರು

ತಂಗಿಯ ಹೆರಿಗೆ ದಿನ ಹತ್ತಿರ ಬಂದಾಗ ಬಾಣಂತನಕ್ಕೆ ಅಮ್ಮ ಶಾರ್ಜಾಕ್ಕೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ನಮ್ಮದು ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಕಾಸರಗೋಡು ಕಡೆಯಲ್ಲಿ ಗಲ್ಫ್ ನಂಟಿಲ್ಲದ ಕುಟುಂಬ ಸಿಗುವುದು ಕಷ್ಟ, ಆದರೂ ಅಮ್ಮ ಈವರೆಗೆ ವಿಮಾನ ಹತ್ತಿದವರಲ್ಲ. ಮೊಣಕಾಲು ನೋವು ಬೇರೆ. ಹಾಗಾಗಿ ಬಿಟ್ಟುಬರಲು ನಾನು ಹೊರಟೆ. ನನಗೆ ಅದು ಅಭ್ಯಾಸವಾದ ದಾರಿ. ಆದರೆ ವಯಸ್ಸಾದ, ಏನೂ ಗೊತ್ತಿಲ್ಲದ ಒಬ್ಬರನ್ನು ಪಕ್ಕದಲ್ಲಿಟ್ಟುಕೊಂಡು ಹೋಗುವಾಗ, ಜನ ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದು ಬೇರೆಯೇ ರೀತಿ ಕಾಣುತ್ತದೆ. ಹೊಸಬರಿಗೆ ಒಂದು ಮಾತು ಹೇಳಿಕೊಡುವವರೂ ಇದ್ದಾರೆ, ಗೊತ್ತಿಲ್ಲವೆಂದು ಹಂಗಿಸುವವರೂ ಇದ್ದಾರೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ಕಂಡೆ.

ತಯಾರಿ ಶುರುವಾದದ್ದು ಅಡುಗೆಮನೆಯಿಂದ. ಲೇಹ್ಯ, ಕಷಾಯದ ಪುಡಿ, ಮಿಲ್ಲಿನಲ್ಲಿ ಆಡಿಸಿದ ತೆಂಗಿನೆಣ್ಣೆ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಮತ್ತೆ ಒಂದು ಚೀಲ ಕೊಬ್ಬರಿ. ಕೊಬ್ಬರಿ ಚೀಲವನ್ನು ನಾನು ಬದಿಗಿಟ್ಟಾಗ ಅಮ್ಮನಿಗೆ ಬೇಸರವಾಯಿತು. "ತೆಂಗಿನ ಊರಿನವರು ಕೊಬ್ಬರಿ ಕೊಂಡುಹೋಗಬಾರದಾ?" ಎಂದರು. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ಗಾಳಿಯಾಡದ ಕಡೆ ಕಟ್ಟಿಟ್ಟರೆ ಒಳಗೊಳಗೇ ಕಾವು ಕೂಡುತ್ತದೆ. ತಾನಾಗಿಯೇ ಬಿಸಿಯೇರುವ ಅಪಾಯದ ವಸ್ತುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ನಂಬರೇ ಇದೆ, ಹಾಗಾಗಿ ಚೆಕ್-ಇನ್ ಪೆಟ್ಟಿಗೆಗೆ ಹಾಕಲು ಬಿಡುವುದಿಲ್ಲ ಎಂದು ಬಿಡಿಸಿ ಹೇಳಿದೆ. ಕೊಬ್ಬರಿ ಒಣಗಿಸಿ ರಾಶಿ ಹಾಕಿದವರಿಗೆ ಅದರ ಕಾವು ಗೊತ್ತಿಲ್ಲದ್ದೇನಲ್ಲ. ಅಮ್ಮ ಚೀಲವನ್ನು ತಾವೇ ಎತ್ತಿ ಅಟ್ಟಕ್ಕೆ ಕಳಿಸಿದರು.

ಗಸಗಸೆಯ ಡಬ್ಬಿಯೂ ಹೊರಗೆ ಉಳಿಯಿತು. ಬಾಣಂತಿಗೆ ಗಸಗಸೆ ಪಾಯಸ ನಮ್ಮಲ್ಲಿ ಮಾಮೂಲು, ಆದರೆ ಯುಎಇಯಲ್ಲಿ ಅದು ಮಾದಕ ವಸ್ತುಗಳ ಸಾಲಿಗೆ ಸೇರಿದ್ದು, ಸಿಕ್ಕಿಬಿದ್ದರೆ ಜೈಲು. ಎಲೆ-ಅಡಿಕೆಗೂ ಅಲ್ಲಿ ಪ್ರವೇಶವಿಲ್ಲ. ಊಟವಾದ ಮೇಲೆ ಬಾಯಿಗೆ ಎಲೆ ಹಾಕದೆ ಇರಲಾರದ ಅಮ್ಮ ಸಂಚಿಯನ್ನು ಮನೆಯಲ್ಲೇ ಬಿಡಬೇಕಾಯಿತು. ಬೇರೆಯವರು "ಇದೊಂದು ಪೊಟ್ಟಣ ನಮ್ಮ ಮಗನಿಗೆ ಕೊಡಿ" ಎಂದು ತಂದಾಗ ಬಿಚ್ಚಿ ನೋಡದೆ ತೆಗೆದುಕೊಳ್ಳಬಾರದು ಎನ್ನುವುದು ಇದೇ ಕಾರಣಕ್ಕೆ. ಬಿಚ್ಚಿ ನೋಡುತ್ತೇನೆ ಎಂದರೆ ಮುನಿಸಿಕೊಳ್ಳುವವರಿದ್ದಾರೆ. ಮುನಿಸು ನಾಳೆಗೆ ಇಳಿಯುತ್ತದೆ, ಆದರೆ ಪರದೇಶದ ಕಸ್ಟಮ್ಸಿನವರ ಎದುರು ನಿಲ್ಲುವವರು ನಾವು.

ಎಣ್ಣೆ ಬಾಟಲಿ, ಉಪ್ಪಿನಕಾಯಿ ಡಬ್ಬಿಗಳ ಬಾಯಿಗೆ ಟೇಪು ಸುತ್ತಿ, ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹಳೆಯ ಲುಂಗಿಯಲ್ಲಿ ಸುತ್ತಿ ಪೆಟ್ಟಿಗೆಯ ನಡುವಿಗೆ ಇಟ್ಟೆವು. ನಮ್ಮ ಎಣ್ಣೆ ಸೋರಿದರೆ ಮೊದಲು ಹಾಳಾಗುವುದು ಮೇಲೆ ಕೆಳಗೆ ಒತ್ತಿಕೊಂಡಿರುವ ಬೇರೆಯವರ ಪೆಟ್ಟಿಗೆ. ಅದರಲ್ಲಿ ಯಾರದ್ದೋ ಸರ್ಟಿಫಿಕೇಟು, ಯಾರದ್ದೋ ಮದುವೆ ಸೀರೆ ಇರಬಹುದು. ಪವರ್ ಬ್ಯಾಂಕನ್ನು ಮಾತ್ರ ಕೈಚೀಲಕ್ಕೆ ಹಾಕಿದೆ. ಲಿಥಿಯಂ ಬ್ಯಾಟರಿಗೆ ಕೆಳಗಿನ ಸರಕು ಗೂಡಿನಲ್ಲಿ ಬೆಂಕಿ ಹತ್ತಿಕೊಂಡರೆ ಕೈಗೆ ಸಿಗುವುದಿಲ್ಲ, ಮೇಲೆ ನಮ್ಮ ಬಳಿ ಇದ್ದರೆ ಸಿಬ್ಬಂದಿ ನಂದಿಸಬಹುದು. ಕೊನೆಗೆ ಅಡಿಕೆ ತೂಗುವ ತಕ್ಕಡಿಯಲ್ಲಿ ಪೆಟ್ಟಿಗೆಗಳನ್ನೆಲ್ಲ ತೂಗಿ, ಟಿಕೆಟಿನಲ್ಲಿ ಬರೆದ ತೂಕಕ್ಕಿಂತ ಸ್ವಲ್ಪ ಕಡಿಮೆಯೇ ಇರುವಂತೆ ನೋಡಿಕೊಂಡೆವು.

ಹೀಗೆ ತೂಗಿ ಹೋದದ್ದರ ಬೆಲೆ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ತಿಳಿಯಿತು. ಕುಂಬಳೆಗೆ ಇಳಿದು, ಹೆದ್ದಾರಿ 66 ಹಿಡಿದು, ತಲಪಾಡಿ ದಾಟಿ, ಮಂಗಳೂರು ಪೇಟೆಯ ಗೌಜಿ ಕಳೆದು ನಿಲ್ದಾಣ ಸೇರುವಾಗ ವಿಮಾನಕ್ಕೆ ಇನ್ನೂ ಮೂರು ಗಂಟೆಗೂ ಮಿಕ್ಕಿ ಸಮಯವಿತ್ತು. ಚೆಕ್-ಇನ್ ಕೌಂಟರಿನ ಮುಂದೆಯೇ ಒಂದು ಸಂಸಾರ ಎರಡು ಸೂಟ್‌ಕೇಸುಗಳನ್ನು ನೆಲದಲ್ಲಿ ಬಿಚ್ಚಿ ಬಟ್ಟೆಬರೆ ಹರಡಿಕೊಂಡಿತ್ತು. ತೂಕ ಹೆಚ್ಚಾಗಿತ್ತು. ಹಿಂದೆ ನಿಂತವರ ಗೊಣಗಾಟ ಕೇಳಿ ಆ ಹೆಂಗಸಿನ ಕೈ ನಡುಗುತ್ತಿತ್ತು. ಕೌಂಟರಿನ ಹುಡುಗಿ ಅವರನ್ನು ಬದಿಗೆ ಕರೆದು, "ಇಲ್ಲಿ ಕೂತು ನಿಧಾನಕ್ಕೆ ಸರಿಮಾಡಿ, ಮತ್ತೆ ಸಾಲು ನಿಲ್ಲಬೇಡಿ, ನೇರ ನನ್ನ ಹತ್ತಿರವೇ ಬನ್ನಿ" ಎಂದಳು. ಸಾಲು ಮುಂದೆ ಹೋಯಿತು, ಅವರ ಮಾನವೂ ಉಳಿಯಿತು. ಗೊಣಗಿದವರಿಗೆ ಹೊಳೆಯದ ಉಪಾಯ ಅದು.

ಅಮ್ಮನಿಗೆ ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ತಿಳಿಸಿದ್ದೆ. ಕಡೇಪಕ್ಷ 48 ಗಂಟೆ ಮೊದಲು ಹೇಳಿಟ್ಟರೆ ಏರ್‌ಲೈನಿನವರು ಸರಿಯಾಗಿ ವ್ಯವಸ್ಥೆ ಮಾಡುತ್ತಾರೆ. ಆದರೂ ಕುರ್ಚಿ ಬರಲು ತುಂಬ ಹೊತ್ತು ಕಾಯಬೇಕಾಯಿತು. ಯಾಕೆಂದರೆ ನಮ್ಮ ಮುಂದೆ ಕುರ್ಚಿ ಹಿಡಿದವರಲ್ಲಿ ಕೆಲವರು ಸರಾಗವಾಗಿ ನಡೆದಾಡುತ್ತಿದ್ದರು. ಒಬ್ಬರಂತೂ ಕುರ್ಚಿಯಿಂದ ಎದ್ದು ಹೋಗಿ, ಚಹಾ ಕುಡಿದು, ಬಂದು ಮತ್ತೆ ಕೂತರು. ಕಾಣದ ನೋವು ಇರಬಹುದು, ಎಲ್ಲರನ್ನೂ ಅನುಮಾನಿಸುವುದು ತಪ್ಪು ಎಂದು ನನಗೆ ಗೊತ್ತು. ಆದರೆ ಸಾಲು ತಪ್ಪಿಸಲೆಂದೇ ಕುರ್ಚಿ ಕೇಳುವ ಚಾಳಿ ನಮ್ಮವರಲ್ಲಿ ಬೆಳೆಯುತ್ತಿದೆ. ಅವರು ಕೂತಷ್ಟು ಹೊತ್ತು ನಿಜವಾಗಿಯೂ ಕಾಲು ಬಾರದವರು ಕಂಬ ಹಿಡಿದು ನಿಂತಿರುತ್ತಾರೆ. ಕಣ್ಣಾರೆ ನೋಡಿದ ಮೇಲೆ ನನಗೆ ಇದನ್ನು ಕ್ಷಮಿಸಲು ಆಗುವುದಿಲ್ಲ.

ಭದ್ರತಾ ತಪಾಸಣೆಯಲ್ಲಿ ಮುಖ್ಯವಾದದ್ದು ಒಂದೇ, ಟ್ರೇಯ ಎದುರು ಬರುವ ಮೊದಲೇ ತಯಾರಾಗಿರುವುದು. ನೀರಿನ ಬಾಟಲಿ ಮೊದಲೇ ಖಾಲಿ ಮಾಡಿದ್ದೆವು; ಫೋನು, ಪವರ್ ಬ್ಯಾಂಕು, ಚಿಲ್ಲರೆ ಎಲ್ಲ ಒಂದೇ ಪುಟ್ಟ ಚೀಲದಲ್ಲಿತ್ತು. ಹೆಂಗಸರನ್ನು ಪರದೆಯ ಮರೆಯಲ್ಲಿ ಹೆಂಗಸರೇ ತಪಾಸಣೆ ಮಾಡುತ್ತಾರೆ, ಕರಿಮಣಿ ಬಳೆ ತೆಗೆಸುವುದಿಲ್ಲ ಎಂದು ಮನೆಯಲ್ಲೇ ಹೇಳಿದ್ದರಿಂದ ಅಮ್ಮ ಗಾಬರಿಯಾಗಲಿಲ್ಲ. ಅಷ್ಟರಲ್ಲಿ ಒಬ್ಬ ಮನುಷ್ಯ "ಫ್ಲೈಟಿಗೆ ಹೊತ್ತಾಯಿತು" ಎನ್ನುತ್ತ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋದ. ಆಮೇಲೆ ನಮ್ಮದೇ ಗೇಟಿನ ಎದುರು ಮೊಬೈಲ್ ನೋಡುತ್ತ ಆರಾಮವಾಗಿ ಕೂತಿದ್ದ. ನಿಜಕ್ಕೂ ತಡವಾದವರು ಅಲ್ಲಿನ ಸಿಬ್ಬಂದಿಗೆ ಬೋರ್ಡಿಂಗ್ ಪಾಸ್ ತೋರಿಸಿದರೆ ಅವರೇ ದಾರಿ ಮಾಡಿಕೊಡುತ್ತಾರೆ.

ಇಮಿಗ್ರೇಶನ್ ಬೇಗ ಮುಗಿಯಿತು. ಅಲ್ಲಿ ನಿಂತಾಗ ಹಳೆಯದೊಂದು ನೆನಪಾಯಿತು. 2017ರ ಜುಲೈ 1ರವರೆಗೆ ದೇಶ ಬಿಡುವ ಭಾರತೀಯರೂ ಒಂದು ಚೀಟಿ ತುಂಬಿ ಕೊಡಬೇಕಿತ್ತು. ಆಗ ಪೆನ್ನು ಹಿಡಿದು ನಿಂತವರ ಸುತ್ತ ನಾಲ್ಕಾರು ಜನ ಪಾಸ್‌ಪೋರ್ಟ್ ಚಾಚುತ್ತಿದ್ದರು: "ಮೇಡಂ, ಇದೊಂದು ಬರೆದುಕೊಡ್ತೀರಾ?" ಮಲಯಾಳಂ, ತುಳು, ಬ್ಯಾರಿ, ಕನ್ನಡ, ಎಲ್ಲ ಮಾತಿನವರೂ ಇರುತ್ತಿದ್ದರು. ನಾನೂ ಬರೆದುಕೊಟ್ಟಿದ್ದೇನೆ. ಬರೆದುಕೊಡುತ್ತ ಅವರ ಊರು, ಕೆಲಸ, ಬಿಟ್ಟುಬಂದ ಮಕ್ಕಳು ಎಲ್ಲ ತಿಳಿಯುತ್ತಿತ್ತು. ಚೀಟಿ ಹೋದದ್ದು ಒಳ್ಳೆಯದೇ. ಆದರೆ ಅಪರಿಚಿತರು ಒಬ್ಬರನ್ನೊಬ್ಬರು ಸಹಾಯ ಕೇಳುವ ಒಂದು ಸಂದರ್ಭವೂ ಅದರೊಂದಿಗೆ ಹೋಯಿತು.

ವೀಲ್‌ಚೇರಿನವರನ್ನು ಮೊದಲು ಹತ್ತಿಸುತ್ತಾರೆ. ಕುರ್ಚಿ ತಳ್ಳಿಕೊಂಡು ಬಂದ ಹುಡುಗನ ಕೈ ಹಿಡಿದು ಅಮ್ಮ "ನಿನ್ನ ಊರು ಯಾವುದಪ್ಪ?" ಎಂದು ವಿಚಾರಿಸಿದರು. ಕಿನ್ನಿಗೋಳಿ ಎಂದ. ಅಷ್ಟಕ್ಕೇ ಅವನ ಮುಖ ಅರಳಿತು. ಒಳಗೆ ಒಂದು ಕಡೆ ಮೂರು, ಇನ್ನೊಂದು ಕಡೆ ಮೂರು ಸೀಟು. ಅಮ್ಮನಿಗೆ ನಡುವಿನದು, ನನಗೆ ಓಡಾಡುವ ದಾರಿಯ ಬದಿಯದು. ಕಿಟಕಿಯ ಸೀಟು ಇನ್ನೂ ಖಾಲಿಯಿತ್ತು.

ಜನ ಬರತೊಡಗಿದರು. ಒಬ್ಬರು ತಮ್ಮ ಬ್ಯಾಗನ್ನು ಅಡ್ಡಡ್ಡ ಇಟ್ಟು ಮೇಲಿನ ಗೂಡನ್ನೆಲ್ಲ ತುಂಬಿಸಿ ಕೂತುಬಿಟ್ಟರು. ನಮ್ಮ ಮುಂದಿನ ಸಾಲಿನ ಕಿಟಕಿ ಬಳಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಬಂದು ಕೂತ. ಹೊಸ ಶರ್ಟು, ಹೊಸ ಶೂ, ಎದೆಗವಚಿಕೊಂಡ ಪ್ಲಾಸ್ಟಿಕ್ ಫೈಲು. ಸ್ವಲ್ಪ ಹೊತ್ತಿಗೆ ಆ ಸೀಟಿನ ನಿಜವಾದ ಯಜಮಾನ ಬಂದ. ಕೈಯಲ್ಲಿ ಲ್ಯಾಪ್‌ಟಾಪ್, ಕಿವಿಯಲ್ಲಿ ಹೆಡ್‌ಫೋನ್. "ಓದಲಿಕ್ಕೆ ಬರುವುದಿಲ್ಲವಾ? ನಂಬರ್ ಕಾಣುವುದಿಲ್ಲವಾ?" ಎಂದು ಇಡೀ ವಿಮಾನಕ್ಕೆ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಗದರಿದ. ಹುಡುಗನಿಗೆ ಮಾತು ಅರ್ಥವಾಗದಿದ್ದರೂ ಗದರಿಕೆ ಅರ್ಥವಾಯಿತು. ಎದ್ದು ನಿಂತ, ತಲೆ ಮೇಲಿನ ಗೂಡಿಗೆ ತಾಗಿತು. ಸುತ್ತ ಕೂತ ಒಂದಿಬ್ಬರು ನಕ್ಕರು.

ಗಗನಸಖಿ ಬಂದವಳು ಅವನ ಬೋರ್ಡಿಂಗ್ ಪಾಸ್ ನೋಡಿ, "ಸರ್, ನಿಮ್ಮದೂ ಕಿಟಕಿ ಸೀಟೇ, ಇಲ್ಲೇ ಹಿಂದೆ" ಎಂದು ನಗುತ್ತ ಹಿಂದಿಯಲ್ಲಿ ಹೇಳಿ ನಮ್ಮ ಸಾಲು ತೋರಿಸಿದಳು. ಲ್ಯಾಪ್‌ಟಾಪಿನವನನ್ನು ಎಷ್ಟು ಮರ್ಯಾದೆಯಿಂದ ಸರ್ ಎಂದಳೋ ಈ ಹುಡುಗನನ್ನೂ ಅಷ್ಟೇ ಮರ್ಯಾದೆಯಿಂದ ಸರ್ ಎಂದಳು. ಅಮ್ಮ ಎದ್ದು ಜಾಗ ಬಿಡುವಷ್ಟು ಹೊತ್ತು ಅವನು ಫೈಲು ಹಿಡಿದು ಕಾದು ನಿಂತ, ಅಮ್ಮನ ಕಾಲಿಗೆ ತಾಗದಂತೆ ಬದಿಯಿಂದ ನುಸುಳಿ ಕೂತ. ಸೀಟ್ ಬೆಲ್ಟಿನ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು ತಿರುವಿ ಮರುವಿ ನೋಡುತ್ತಿದ್ದ. ಯಾರನ್ನೂ ಕೇಳಲು ಧೈರ್ಯವಿಲ್ಲ. ಅಮ್ಮ ಕೆಲವೇ ನಿಮಿಷ ಹಿಂದೆ ನನ್ನಿಂದ ಕಲಿತಿದ್ದರು. ತಮ್ಮ ಬೆಲ್ಟನ್ನು ಬಿಚ್ಚಿ, ಅವನಿಗೆ ಕಾಣುವ ಹಾಗೆ ಚಪ್ಪಟೆ ತುದಿಯನ್ನು ಇನ್ನೊಂದರೊಳಗೆ ತೂರಿಸಿ 'ಟಕ್' ಅನ್ನಿಸಿ, "ಇಂಚ ಪಾಡ್ಲ ಮಗಾ" (ಹೀಗೆ ಹಾಕು ಮಗಾ) ಎಂದರು. ತುಳು ಕೇಳಿದ ಕೂಡಲೇ ಅವನ ಹೆಗಲು ಸಡಿಲವಾಯಿತು. ಬಾಯಾರು ಕಡೆಯವನಂತೆ, ಕಟ್ಟಡದ ಕೆಲಸಕ್ಕೆ ಹೊರಟವನು. ಅಮ್ಮನಿಗೆ ಆ ಕಡೆಯ ನೆಂಟರಿದ್ದಾರೆ, ಮತ್ತೆ ಕೇಳಬೇಕೇ.

ವಿಮಾನದ ಘೋಷಣೆಗಳೆಲ್ಲ ಹಿಂದಿ, ಇಂಗ್ಲಿಷ್. ಮಂಗಳೂರಿನಿಂದ ಗಲ್ಫಿಗೆ ಹೋಗುವವರಲ್ಲಿ ಎರಡೂ ಸರಿಯಾಗಿ ಬಾರದವರು ಎಷ್ಟೋ ಜನ. ಅವರು ನಿಯಮ ಮುರಿಯುತ್ತಾರೆ ಎಂದು ಮೂಗು ಮುರಿಯುವ ಮೊದಲು, ಅವರಿಗೆ ನಿಯಮವನ್ನು ಅವರ ಮಾತಿನಲ್ಲಿ ಯಾರಾದರೂ ಹೇಳಿದ್ದಾರಾ ಎಂದು ಕೇಳಬೇಕು. ಕಾರಣವನ್ನೂ ಸೇರಿಸಿ ಹೇಳಿದರೆ ನಮ್ಮ ಹಿರಿಯರಷ್ಟು ಚೆನ್ನಾಗಿ ಪಾಲಿಸುವವರು ಬೇರೆ ಇಲ್ಲ. ಅಮ್ಮ ಕೈಚೀಲವನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಹಟ ಹಿಡಿದಾಗ ಟೋಕಿಯೊದ ಹನೇಡಾ ನಿಲ್ದಾಣದ ಸಂಗತಿ ಹೇಳಿದೆ. 2024ರ ಜನವರಿ 2ರಂದು ಅಲ್ಲಿ ಇಳಿಯುತ್ತಿದ್ದ ದೊಡ್ಡ ವಿಮಾನ ರನ್‌ವೇಯಲ್ಲಿದ್ದ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಆ ದೊಡ್ಡ ವಿಮಾನದಲ್ಲಿದ್ದ 379 ಜನರೂ ಹೊರಬಂದು ಬದುಕಿಕೊಂಡರು. ಅವರು ಬ್ಯಾಗುಗಳನ್ನು ಬಿಟ್ಟು, ಸಿಬ್ಬಂದಿ ಹೇಳಿದ ಹಾಗೆ ಕೇಳಿದ್ದು ಅದಕ್ಕೊಂದು ದೊಡ್ಡ ಕಾರಣ. ಸೀಟು ನೆಟ್ಟಗಿಡುವುದು, ಊಟದ ಹಲಗೆ ಮಡಚುವುದು, ಚೀಲ ಕಾಲಬುಡದಿಂದ ತೆಗೆಯುವುದು, ಎಲ್ಲವೂ ಓಡಿ ಹೋಗುವ ದಾರಿ ತೆರವಾಗಿರಲೆಂದು. ಕಿಟಕಿಯ ಮುಚ್ಚಳ ತೆರೆದಿಡಲು ಹೇಳುವುದು ಹೊರಗೆ ಬೆಂಕಿಯಿದ್ದರೆ ಕಾಣಲೆಂದು. ಅಮ್ಮ ಚೀಲವನ್ನು ನನ್ನ ಕೈಗೆ ಕೊಟ್ಟು, ಬಾಯಾರಿನ ಹುಡುಗನಿಗೆ ಕಿಟಕಿ ಮುಚ್ಚಳ ಮೇಲೆತ್ತಲು ಹೇಳಿದರು.

ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು, ತುದಿಯಲ್ಲಿ ಕಣಿವೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಇಲ್ಲೇ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನ ಸತ್ತರು, ಬದುಕಿದ್ದು ಎಂಟೇ ಜನ. ಸತ್ತವರಲ್ಲಿ ಕಾಸರಗೋಡಿನವರು ಹಲವರು. ನಮ್ಮ ಕಡೆಯವರು ಈ ವಿಮಾನ ಹತ್ತುವಾಗ ಆ ದಿನ ನೆನಪಾಗದೆ ಇರುವುದಿಲ್ಲ. ಅಮ್ಮ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು. ಭಯದಲ್ಲಿ ಕೂತವರು ಯಾವ ಸಾಲಿನಲ್ಲಿದ್ದಾರೆಂದು ಹೇಳಲಾಗುವುದಿಲ್ಲ. ಅಂಥ ಹೊತ್ತಿನಲ್ಲಿ ಹಿಂದಿನ ಸಾಲಿನ ಒಬ್ಬ ಫೋನಿನ ಸ್ಪೀಕರ್ ಹಾಕಿ ರೀಲ್ಸ್ ನೋಡುತ್ತಿದ್ದ. ತಿರುಗಿ, "ಒಂಚೂರು ಸೌಂಡ್ ಕಡಿಮೆ ಮಾಡ್ತೀರಾ? ಅಮ್ಮನಿಗೆ ಮೊದಲನೇ ಸಲ" ಎಂದೆ. ತಕ್ಷಣ ಆಫ್ ಮಾಡಿದ. ಗದರದೆ ಕೇಳಿದರೆ ಹೆಚ್ಚಿನವರು ಹೀಗೆಯೇ.

ಮೇಲೇರಿದ ಮೇಲೆ ಲ್ಯಾಪ್‌ಟಾಪಿನವನು ಹಿಂದೆ ನೋಡದೆ ಸೀಟನ್ನು ಒಮ್ಮೆಲೇ ಹಿಂದಕ್ಕೆ ಬಾಗಿಸಿದ, ಹುಡುಗನ ಮುಂದಿದ್ದ ನೀರು ಚೆಲ್ಲಿತು. ಸೀಟು ಬಾಗಿಸುವುದು ತಪ್ಪಲ್ಲ, ಅದಕ್ಕೆಂದೇ ಗುಂಡಿ ಕೊಟ್ಟಿದ್ದಾರೆ. ಆದರೆ ಒಮ್ಮೆ ಹಿಂದೆ ನೋಡಿ ನಿಧಾನ ಬಾಗಿಸಬೇಕು, ತಿಂಡಿಯ ಹೊತ್ತಿಗೆ ನೆಟ್ಟಗೆ ಮಾಡಬೇಕು. ಇನ್ನು ಕೈ ಇಡುವ ಕಟ್ಟೆಯ ವಿಚಾರ. ಕಿಟಕಿಯವರಿಗೆ ಒರಗಲು ಗೋಡೆಯಿದೆ, ದಾರಿ ಬದಿಯವರಿಗೆ ಕಾಲು ಚಾಚಲು ಒಂದಿಷ್ಟು ಜಾಗವಿದೆ, ನಡುವಿನವರಿಗೆ ಎರಡೂ ಇಲ್ಲ. ಹಾಗಾಗಿ ಎರಡೂ ಕಟ್ಟೆ ನಡುವಿನವರಿಗೆ ಎನ್ನುವುದು ಬಲ್ಲವರ ಪದ್ಧತಿ. ಬಾಯಾರಿನ ಹುಡುಗ ಯಾರೂ ಹೇಳದೆಯೇ ಇಡೀ ದಾರಿ ಮೊಣಕೈ ಮಡಚಿಕೊಂಡೇ ಕೂತಿದ್ದ. ಅಂದಹಾಗೆ, ಫೋನು ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಅಲುಗಾಡಿಸಿ ಹುಡುಕಬಾರದು, ಸಿಬ್ಬಂದಿಯನ್ನು ಕರೆಯಬೇಕು. ಕಬ್ಬಿಣದ ನಡುವೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಹೊಗೆ ಏಳುತ್ತದೆ.

ಶೌಚಾಲಯಕ್ಕೆ ಅಮ್ಮನ ಜೊತೆ ನಾನೇ ಹೋದೆ. ಬಾಗಿಲು ನಡುವೆ ಒತ್ತಿದರೆ ಮಡಚಿ ತೆರೆಯುತ್ತದೆ, ಚಿಲಕ ಹಾಕಿದರಷ್ಟೇ ಒಳಗಿನ ದೀಪ ಪೂರ್ತಿ ಹತ್ತುತ್ತದೆ, ಫ್ಲಶ್ ಒತ್ತಿದರೆ ಗಾಳಿ ಎಳೆದುಕೊಳ್ಳುವ ದೊಡ್ಡ ಸದ್ದು ಬರುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದೆ. ಅಮ್ಮ ಹೊರಬರುವ ಮೊದಲು ತಾವೇ ಕಾಗದದಲ್ಲಿ ಬೇಸಿನ್ ಒರೆಸಿ ಬಂದಿದ್ದರು.

ಮಧ್ಯೆ ಒಬ್ಬರು ಗಗನಸಖಿಯನ್ನು "ಶ್... ಶ್..." ಎಂದು ಕರೆದು, ಅವಳು ಬರುವುದು ತಡವಾದದ್ದಕ್ಕೆ ಸೀರಿಯಸ್ಸಾಗಿ ಜಗಳಕ್ಕೇ ನಿಂತರು. ಹಿರಿಯ ಸಿಬ್ಬಂದಿ ಬಂದು ತಣ್ಣಗೆ ಮಾತಾಡಿ ಕೂರಿಸಿದರು. ಅವರ ಕೆಲಸ ಚಹಾ ಕೊಡುವುದು ಮಾತ್ರ ಅಂದುಕೊಂಡವರು ಬಹಳ. 50 ಆಸನಕ್ಕೆ ಒಬ್ಬರಂತೆ ಅವರನ್ನು ಇಟ್ಟಿರುವುದೇ ಅವಘಡದಲ್ಲಿ ನಮ್ಮನ್ನು ಹೊರಗೆ ದಾಟಿಸಲು. ನಮ್ಮ ದೇಶದಲ್ಲಿ 2017ರಿಂದ ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಇಂಥ ವರ್ತನೆಗೆ ಮೂರು ಹಂತ ಮಾಡಿದೆ. ಬೈಗುಳ, ಅಸಭ್ಯ ಸನ್ನೆಗೆ ಮೂರು ತಿಂಗಳವರೆಗೆ, ಕೈಮಾಡಿದರೆ ಆರು ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ವಿಮಾನ ಹತ್ತುವ ಹಾಗಿಲ್ಲ. ಕ್ಯಾಪ್ಟನ್ ಕೊಟ್ಟ ದೂರನ್ನು ಏರ್‌ಲೈನಿನ ಸಮಿತಿ ವಿಚಾರಿಸುತ್ತದೆ, ಅದರ ಅಧ್ಯಕ್ಷರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ಗಲ್ಫಿನಲ್ಲಿ ದುಡಿಯುವವನಿಗೆ ಮೂರು ತಿಂಗಳ ನಿಷೇಧ ಎಂದರೆ ಕೆಲಸವೇ ಹೋದಂತೆ.

ಇಳಿಯಲು ಶುರುವಾದಾಗ ಹಿಂದೆಲ್ಲೋ ಒಂದು ಕೂಸು ಕಿರುಚಿ ಅಳತೊಡಗಿತು. ಯಾರೋ "ಮಗುವನ್ನು ಸುಮ್ಮನಿರಿಸಲು ಆಗುವುದಿಲ್ಲವಾ" ಎಂದು ಸಿಡುಕಿದರು. ಮೂವತ್ತೈದು ಸಾವಿರ ಅಡಿಯಲ್ಲಿ ಹಾರುವಾಗಲೂ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟು ಇರುತ್ತದೆ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಕೂತ ಹಾಗೆ. ಇಳಿಯುವಾಗ ಒತ್ತಡ ಮತ್ತೆ ಏರಿ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ನಾವು ಎಂಜಲು ನುಂಗಿ, ಆಕಳಿಸಿ ಸರಿಮಾಡಿಕೊಳ್ಳುತ್ತೇವೆ, ಕೂಸಿಗೆ ಅದು ತಿಳಿಯದು. ಅಮ್ಮ ಎದ್ದು ಹೋಗಲಾಗದೆ ನನ್ನನ್ನೇ ತಿವಿದು, "ಹಾಲು ಕುಡಿಸಲಿಕ್ಕೆ ಹೇಳು ಮಗಾ, ನುಂಗಿದರೆ ಕಿವಿ ಬಿಡ್ತದೆ" ಎಂದರು. ಬೆಲ್ಟ್ ಸಂಕೇತ ಹತ್ತಿತ್ತು, ಏಳುವ ಹಾಗಿರಲಿಲ್ಲ. ಹಿಂದಿನ ಸಾಲಿನವರಿಗೆ ಹೇಳಿದೆ, ಅವರು ಅವರ ಹಿಂದಿನವರಿಗೆ. ಮಾತು ಹಾಗೇ ಸಾಲು ದಾಟಿ ಆ ತಾಯಿಯನ್ನು ತಲುಪಿತು. ನಾಚಿಕೆಪಟ್ಟು ಕೂತಿದ್ದಳೋ ಏನೋ, ಪಕ್ಕದ ಹೆಂಗಸು ಸೆರಗು ಹಿಡಿದು ಮರೆ ಮಾಡಿದರಂತೆ. ಅಳು ಸಣ್ಣದಾಯಿತು.

ಶಾರ್ಜಾದ ಪಕ್ಕದ ದುಬೈಯಲ್ಲಿ ಚಕ್ರ ನೆಲ ಮುಟ್ಟಿದ್ದೇ ಬೆಲ್ಟು ಬಿಚ್ಚುವ ಟಕಟಕ ಸದ್ದು. ವಿಮಾನ ಇನ್ನೂ ಓಡುತ್ತಿರುವಾಗಲೇ ಲ್ಯಾಪ್‌ಟಾಪಿನವನೂ ಸೇರಿ ಎಷ್ಟೋ ಜನ ಎದ್ದು ಗೂಡು ತೆರೆದರು. ಸಿಬ್ಬಂದಿ ಕೂರಿ ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ನೆಲದಲ್ಲಿ ಓಡುವಾಗಲೂ ಒಮ್ಮೆಲೇ ಬ್ರೇಕ್ ಹಾಕುವುದುಂಟು. ಗೂಡಿನಿಂದ ಏಳು ಕಿಲೋ ಬ್ಯಾಗು ಬೀಳುವುದು ಕೆಳಗೆ ಕೂತವರ ತಲೆಗೆ. ವೀಲ್‌ಚೇರಿನವರು ಇಳಿಯುವುದು ಕೊನೆಗೆ, ಹಾಗಾಗಿ ಅಮ್ಮ ಕೂತಲ್ಲಿಂದಲೇ ಎಲ್ಲ ನೋಡುತ್ತಿದ್ದರು. ಬಾಗಿಲು ತೆರೆಯುವವರೆಗೆ ಇಷ್ಟೂ ಜನ ಕುತ್ತಿಗೆ ಬಗ್ಗಿಸಿ ನಿಂತೇ ಇದ್ದರು. ಎದ್ದವರು ಯಾರೂ ಕೂತವರಿಗಿಂತ ಬೇಗ ತಲುಪಲಿಲ್ಲ, ಲಗೇಜ್ ಬೆಲ್ಟಿನ ಬಳಿ ಎಲ್ಲರೂ ಮತ್ತೆ ಸಿಕ್ಕಿದರು. ಅಲ್ಲೂ ಟ್ರಾಲಿಗಳನ್ನು ಬೆಲ್ಟಿಗೆ ಒತ್ತಿ ನಿಲ್ಲಿಸಿ ಗೋಡೆ ಕಟ್ಟಿದ್ದರು. ಎಲ್ಲರೂ ಎರಡು ಹೆಜ್ಜೆ ಹಿಂದೆ ನಿಂತರೆ ಎಲ್ಲರಿಗೂ ಪೆಟ್ಟಿಗೆ ಕಾಣುತ್ತದೆ.

ಅಮ್ಮ ಇನ್ನೂ ಶಾರ್ಜಾದಲ್ಲೇ ಇದ್ದಾರೆ. ವಾಪಸು ಒಬ್ಬರೇ ಬರುವವರು. ಟಿಕೆಟಿನ ಜೊತೆಗೇ ವೀಲ್‌ಚೇರ್ ಹೇಳಿಯಾಗಿದೆ, ಸೀಟು ಈ ಸಲ ದಾರಿ ಬದಿಯದು. ಪಕ್ಕದವರಿಗೆ ತೋರಿಸಲೆಂದು ತಂಗಿ ಒಂದು ಕಾಗದದಲ್ಲಿ ಕನ್ನಡ, ಇಂಗ್ಲಿಷ್, ಮಲಯಾಳಂ ಮೂರರಲ್ಲೂ ಬರೆದಿಡುತ್ತಿದ್ದಾಳೆ: "ಇವರಿಗೆ ಮೊಣಕಾಲು ನೋವಿದೆ, ಚೀಲ ಮೇಲಿಡಲು ದಯವಿಟ್ಟು ಸಹಾಯ ಮಾಡಿ." ಕೆಳಗೆ, ಕರೆದುಕೊಂಡು ಹೋಗಲು ಬಜ್ಪೆಗೆ ಬರುವ ನನ್ನ ಫೋನ್ ನಂಬರ್.